ರೈಟರು

ನಮ್ಮ ಕಡೆ ರೈಟರೆಂದರೆ
ಪುಸ್ತಕ ಬರೆಯುವವನಲ್ಲ.
ತೋಟದ ಗೇಟಿನ ಬಳಿ ಬೆಳಿಗ್ಗೆ ಏಳೂವರೆಗೆ
ಕಿವಿಯ ಸಂದಿನ ಪೆನ್ನು ತೆಗೆದು
ಹಾಜರಿ ಬರೆಯುವವನು.
ಅವನು ಬರೆದರೆ ನೀವು ಬಂದಿರಿ,
ಬರೆಯದಿದ್ದರೆ ಬಂದಿಲ್ಲ,
ಬಂದು ಎದುರಿಗೇ ನಿಂತಿದ್ದರೂ.

ಇದನ್ನು ಯಾಕೆ ಹೇಳಿದೆನೆಂದರೆ
ಸಿದ್ದಾಪುರದ ಲೈಬ್ರರಿಯಲ್ಲಿ ನನಗೂ ಒಂದು ಪೆನ್ನಿದೆ, ಕೆಂಪು.
ಮಡಿಕೇರಿಯಿಂದ ಆದೇಶ:
ಹತ್ತು ವರ್ಷ ಯಾರೂ ಒಯ್ಯದ ಪುಸ್ತಕಗಳಿಗೆ
ರದ್ದು ಎಂದು ಗೀಟೆಳೆದು ತೂಕಕ್ಕೆ ಹಾಕುವುದು.
ಗುಜರಿಯ ಕುಂಞಮೊಯ್ದು ಆಗಲೇ ತಕ್ಕಡಿ ತಂದಿದ್ದಾನೆ.
ರಟ್ಟಿನ ಬಾಬ್ತು ಕಿಲೋಗೆ ನೂರು ಗ್ರಾಂ ಕಳೀಬೇಕು ಅನ್ನುತ್ತಾನೆ,
ತೋಟದಲ್ಲಿ ಕಾಫಿಗೆ ಚೀಲದ ಬಾಬ್ತು ಕಳೆಯುವ ಹಾಗೆ.

ಕೃಷಿ ಎಂದು ಬರೆದ ಕಪಾಟಿನ ತಳದಲ್ಲಿ
ಹಂದಿ ಸಾಕಣೆಗೂ ಕರಿಮೆಣಸಿನ ಸೊರಗು ರೋಗಕ್ಕೂ ನಡುವೆ
ಒತ್ತಿಕೊಂಡು ಕೂತಿತ್ತು, 'ನೆರಳಿನ ಲೆಕ್ಕ'.
ಹೆಸರು ನೋಡಿ ಯಾರೋ
ಸಿಲ್ವರ್ ಓಕಿನ ಬಗ್ಗೆ ಅಂದುಕೊಂಡಿದ್ದಾರೆ.
ನಾನೂ ಅಂದುಕೊಂಡೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

ತೆರೆದುಕೊಂಡದ್ದು ನಲವತ್ತೊಂದನೆಯ ಪುಟ.
ಮರವಿಲ್ಲ, ಎಲೆಯಿಲ್ಲ.
ಲೈನ್‌ಮನೆ ಹದಿನಾರು, ಬಾಗಿಲು ಹದಿನಾರು, ಕಕ್ಕಸು ಇಲ್ಲ.
ಮದುವೆಗೆಂದು ಇಸಕೊಂಡ ಅರವತ್ತು ರೂಪಾಯಿ
ಮೂರನೆಯ ತಲೆಮಾರಿಗೆ ಇನ್ನೂರ ಹತ್ತು.
ಮಗುವಿಗೆ ಜ್ವರವೆಂದು ಬಾರದವಳ ಹೆಸರಿನೆದುರು ಸೊನ್ನೆ,
ಮಗು ಹೋಯಿತೆಂದು ಬಾರದ ದಿನವೂ ಅದೇ ಸೊನ್ನೆ,
ಎರಡಕ್ಕೂ ಒಂದೇ ಅಚ್ಚುಮೊಳೆ.

ಬರೆದವನ ಹೆಸರಿದ್ದಲ್ಲಿ ಗೆದ್ದಲು ಉಂಡೆದ್ದಿದೆ.
ಬೆಲೆ ಒಂದೂವರೆ ರೂಪಾಯಿ.
ಹಿಂದಿನ ರಟ್ಟಿಗಂಟಿದ ಚೀಟಿಯಲ್ಲಿ
ಮುದ್ರೆ ಒಂದೇ ಒಂದು, ತಾರೀಕು ಅಳಿಸಿದೆ.
ಒಯ್ದವರು ಓದಿದರೋ,
ಗಿಡದ ಪುಸ್ತಕವೆಂದು ಒಯ್ದು, ಬೈದು ತಂದಿಟ್ಟರೋ.

ಬೊಳಕಿ ಕಸ ಗುಡಿಸುತ್ತಿದ್ದಳು.
ಎರವರ ಹಾಡಿಯವಳು, ನನ್ನ ಅವ್ವನಿಗಿಂತ ಹಿರಿಯಳು.
ನಲವತ್ತು ವರ್ಷ ಹಣ್ಣು ಕುಯ್ದ ಬೆರಳು
ಪೊರಕೆಯನ್ನೂ ಕಾಫಿಗಿಡದ ರೆಕ್ಕೆಯ ಹಾಗೇ ಹಿಡಿಯುತ್ತದೆ,
ಮುರಿಯಬಾರದು ಎಂಬಂತೆ.
ಏನದು, ಇಷ್ಟು ಹೊತ್ತು? ಅಂದಳು.
ಓದಿದೆ.
'ದಿನಗೂಲಿ ಎರಡು ರೂಪಾಯಿ' ಎಂಬಲ್ಲಿ ನಕ್ಕಳು,
ನಗು ಕೆಮ್ಮಾಯಿತು.

"ಎರಡು ಅಂತ ಬರೆದದ್ದು ರೈಟರು.
ಕೈಗೆ ಬಂದದ್ದು ಒಂದೂಕಾಲು.
ನಿನ್ನ ಪುಸ್ತಕದವ ಹೋಗಿ
ರೈಟರನ್ನೇ ಕೇಳಿದ್ದಾನಲ್ಲ ಮಗಾ."

ಅಲ್ಲಿಯವರೆಗೆ ನಾನು ಬೀಗುತ್ತಿದ್ದೆ,
ಸತ್ಯ ಸಿಕ್ಕಿತು,
ಬಾಗಿಲೆದುರಿನ ಕಪಾಟಿನಲ್ಲಿಡಬೇಕು,
ಕಾಲೇಜಿನ ಹುಡುಗರನ್ನು ಕರೆದು ತೋರಿಸಬೇಕು, ಇನ್ನೂ ಏನೇನೋ.
ಈಗ ಪುಸ್ತಕದ ಮೇಲೆ ಸಿಟ್ಟು ಬಂತು.
ಆಮೇಲೆ ಮರುಕ.
ಬಂದಿದ್ದಾನಲ್ಲ ಪಾಪ,
ಜಿಗಣೆಗೆ ರಕ್ತ ಕೊಟ್ಟುಕೊಂಡು
ಗೇಟಿನವರೆಗೂ ಬಂದಿದ್ದಾನೆ.
ಒಳಗೆ ಬಿಟ್ಟಿಲ್ಲ.

ಪುಸ್ತಕದಲ್ಲಿ ಬರೆಯಬಾರದು.
ಗೋಡೆಯ ಮೇಲೆ ಬೋರ್ಡಿದೆ, ನನ್ನದೇ ಅಕ್ಷರ.
ಪೆನ್ಸಿಲಿನಲ್ಲಿ ಅಂಚಿಗೆ ಬರೆದೆ:
ಒಂದೂಕಾಲು. ಹೇಳಿದವರು ಬೊಳಕಿ.
ನನ್ನ ಹೆಸರು ಯಾಕೆ, ಅಂದಳು ಮೊದಲು.
ಆಮೇಲೆ ಹತ್ತಿರ ಬಂದು,
ಎಲ್ಲಿ, ತೋರಿಸು.
ಮೂರೇ ಅಕ್ಷರ.
ಬೆರಳಿಟ್ಟು ಒತ್ತಿ ನೋಡಿದಳು,
ಹಣ್ಣೋ ಕಾಯೋ ಎಂದು ನೋಡುವ ಹಾಗೆ.

ಕುಂಞಮೊಯ್ದು ಹೊರಗೆ ತಕ್ಕಡಿ ಸದ್ದು ಮಾಡಿದ.
ಮಾಲ್ದಾರೆಯ ಬಸ್ಸೂ ಹೋಯಿತು.
ಇನ್ನು ರಸ್ತೆಗೆ ಆನೆ ಇಳಿಯುವ ಹೊತ್ತು,
ಬೀಗ ಹಾಕಬೇಕು.
ಬೊಳಕಿ ಮಾತ್ರ ಪೊರಕೆ ಹಿಡಿದೇ ನಿಂತಿದ್ದಾಳೆ.
ನಾನು ಬೆಳಿಗ್ಗೆಯೇ ಗೀಟೆಳೆದು ಕಟ್ಟಿಟ್ಟ
ನಲವತ್ತೆಂಟು ಪುಸ್ತಕಗಳ ಮೂಟೆಯನ್ನು
ಪೊರಕೆಯ ತುದಿಯಿಂದ ಮೆಲ್ಲಗೆ ತಿವಿದು
ಕೇಳುತ್ತಾಳೆ:
"ಅದರಲ್ಲಿ?"