ಬಿಸ್ಕತ್ತಿನ ಡಬ್ಬಿಯಲ್ಲಿ ಎಂಟು ಕೀಲಿ

ಹನ್ನೊಂದು ಕಟ್ಟಡ ಇದ್ದವು ನಮ್ಮ ಕೌನ್ಸಿಲ್ಲಿಗೆ.
ಈಗ ಮೂರು.
ಉಳಿದ ಎಂಟರ ಕೀಲಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ
ಒಪ್ಪಿಸಿ ಬಾ ಎಂದರು ನನಗೆ,
ಎಮ್ರಿಸ್‌ಗೆ, ಇಪ್ಪತ್ತಾರು ವರ್ಷ
ಬೆಳಗಿನ ಆರಕ್ಕೆ ಅವುಗಳ ಬಾಯಿ ತೆರೆಸಿದವನಿಗೆ.

ಕಲ್ಲಿದ್ದಲು ಮುಗಿದುಹೋದ ಕಣಿವೆ ಇದು, ವೇಲ್ಸಿನದು.
ಗಣಿ ಮುಚ್ಚಿದ ದಿನ ಅಪ್ಪ
ತನ್ನ ನಂಬರಿನ ಹಿತ್ತಾಳೆ ಬಿಲ್ಲೆ, ದೀಪ
ಎರಡನ್ನೂ ಕಿಟಕಿಯಲ್ಲಿ ಕೊಟ್ಟು ಬಂದಿದ್ದ.
ಅವನದು ದೀಪ, ನನ್ನದು ಕೀಲಿ, ಅಷ್ಟೇ ವ್ಯತ್ಯಾಸ.
ಛೇ, ಅಷ್ಟೇ ಅಲ್ಲ.
ಅಪ್ಪನಿಗೆ ಕೆಲಸ ಹೋಯಿತು.
ನಮಗೆ ಕೆಲಸ ಉಳಿದಿದೆ, ಹೋದದ್ದು ಕೂರುವ ಜಾಗ.

ತರಬೇತಿಗೆ ಕಾರ್ಡಿಫ್‌ನಿಂದ ಬಂದ ಹುಡುಗ
ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸಿದ:
ಹತ್ತು ಜನಕ್ಕೆ ಆರು ಮೇಜು. ಸಾಕು.
ಲೆಕ್ಕ ಹಾಕಿದ್ದೇವೆ,
ಯಾವ ಮಂಗಳವಾರವೂ ಎಲ್ಲರೂ ಕೂತದ್ದಿಲ್ಲ.
ಹಿಂದಿನ ಸಾಲಿನಿಂದ ಟೆಗ್ವೆನ್ ಕೇಳಿದಳು,
“ಏಳನೆಯವಳು ಬಂದರೆ?”
“ಬರುವುದಿಲ್ಲ,” ಅಂದ. “ಫೋನು ಮೊದಲೇ ಹೇಳುತ್ತದೆ.”

ಖಾಲಿ ಮಾಡುವಾಗ ಏನೇನೋ ಸಿಕ್ಕವು:
ತೆರಿಗೆ ವಿಭಾಗದ ಬೀರುವಿನ ಹಿಂದೆ
ಕುಣಿತದ ಷೂ, ಎಡಗಾಲಿನದು ಮಾತ್ರ.
ಊರಿನ ಚರಂಡಿಗಳ ಹಳೆಯ ನಕ್ಷೆ,
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ: ಇದು ಸುಳ್ಳು.
ಫೈಲುಗಳೆಲ್ಲ ಸ್ಕ್ಯಾನ್ ಆಗಿ ಮೋಡ ಸೇರಿದವಂತೆ.
ಸೇರಲಿ. ಈ ಊರಲ್ಲಿ ಮೋಡಕ್ಕೇನು ಬರವೆ!

ಟೆಗ್ವೆನ್ ಈಗ ಸೂಪರ್ ಮಾರ್ಕೆಟ್ಟಿನ ಅಂಗಳದಲ್ಲಿ
ಕಾರೊಳಗೆ ಕೂತು ಕೆಲಸ ಮಾಡುತ್ತಾಳೆ.
ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ.
ಮೂರು ಮಕ್ಕಳ ತಾಯಿಗೆ ಫೋನಿನಲ್ಲಿ
ಈ ವಾರವೂ ಮನೆ ಇಲ್ಲ ಎಂದು ಹೇಳಿ
ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನಿರುತ್ತಾಳೆ.
ಗೋಡೆಗೂ ಕಿವಿ ಇರುತ್ತದಂತೆ. ಕಾರಿಗಿಲ್ಲ.
ಮೊದಲಾದರೆ ಪಕ್ಕದ ಮೇಜಿನವಳು
ಏನೂ ಕೇಳದೆ ಒಂದು ಕಪ್ ಟೀ ತಂದಿಡುತ್ತಿದ್ದಳು.
ಉಳಿತಾಯದ ಪಟ್ಟಿಯಲ್ಲಿ ಹುಡುಕಿದೆ,
ಬಾಡಿಗೆ, ಬಿಸಿನೀರು, ಕರೆಂಟು, ನನ್ನ ಓವರ್‌ಟೈಮು,
ಎಲ್ಲ ಇತ್ತು,
ಆ ಟೀ ಇರಲಿಲ್ಲ.

ಹೀಗೇ ಗೊಣಗುತ್ತ ಹೋಗಿದ್ದೆ ಗೆರೈಂಟ್ ಮನೆಗೆ.
ಗಣಿಯಲ್ಲಿ ಎರಡೂ ಕಾಲು ಬಿಟ್ಟು ಬಂದವನು.
ಅಡುಗೆಮನೆಯಲ್ಲಿ ಪಿಂಚಣಿ ವಿಭಾಗದ ನೆರಿಸ್,
ಲ್ಯಾಪ್‌ಟಾಪ್ ಪಕ್ಕ ಬೆಣ್ಣೆಯ ತಟ್ಟೆ,
ಮೇಜಿನ ಕೆಳಗೆ ನಾಯಿ ಅವಳ ಕಾಲು ಮೂಸುತ್ತಿತ್ತು.
ಅರ್ಜಿ ಹತ್ತು ನಿಮಿಷಕ್ಕೆ ಮುಗಿಯಿತು.
ಗೆರೈಂಟ್ ನನ್ನ ಕಡೆ ನೋಡಿ ನಕ್ಕ:
“ಹತ್ತೊಂಬತ್ತು ಮೆಟ್ಟಿಲು, ಎಮ್ರಿಸ್.
ನಾನು ಹತ್ತಲಾಗಲಿಲ್ಲ,
ಮಳೆಯಲ್ಲಿ ಕೆಳಗೇ ನಿಂತ ಗಾಲಿಕುರ್ಚಿಗೆ
ಗುಮಾಸ್ತ ಫಾರಂ ತಂದುಕೊಡುತ್ತಿದ್ದ.
ಕೊನೆಗೆ ನೋಡು, ಆಫೀಸೇ ಇಳಿದು ಬಂತು.”

ಆ ಮೆಟ್ಟಿಲ ಹಿತ್ತಾಳೆ ಕಂಬಿಯನ್ನು
ಪ್ರತಿ ಶುಕ್ರವಾರ ಉಜ್ಜಿದವನು ನಾನು.
ಮುಖ ಕಾಣುವಷ್ಟು ಹೊಳೆಯುತ್ತಿತ್ತು.
ಕಂಡದ್ದು ನನ್ನದೊಂದೇ.

ಡಬ್ಬಿ ಒಪ್ಪಿಸಿದೆ. ಗಾಜಿನ ಮೇಲೆ
ಬೆರಳಿನಲ್ಲೇ ಸಹಿ, ಕೋಳಿ ಕೆದರಿದ ಹಾಗೆ.

ಮರುದಿನ ಆರಕ್ಕೆ ಹೊಸ ಕಟ್ಟಡ.
ಕಾರ್ಡು ತೋರಿಸಿದರೆ ಹಸಿರು ದೀಪ, ಸದ್ದಿಲ್ಲದ ಬಾಗಿಲು.
ನಲವತ್ತೆರಡು ಮೇಜು, ಯಾರದೂ ಅಲ್ಲ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಒಂದರ ಮುಂದೆ ಕೂತೆ, ಕಿಟಕಿಯ ಪಕ್ಕ.
ಪುಟ್ಟ ಪರದೆ ಎಚ್ಚೆತ್ತು ಕೇಳಿತು:
ಈ ಮೇಜು ನಿಮಗೆ ಎಷ್ಟು ಹೊತ್ತಿನವರೆಗೆ ಬೇಕು?

ಏಳರವರೆಗೆ, ಅಂತ ಒತ್ತಿದೆ.
ಗುಡಿಸುವುದಿದೆ.