ಜೇಡನ ಪಾಲು

ನನಗೆ ಕೊಟ್ಟ ಕೆಲಸ ಸಣ್ಣದು.
ಫಿನ್‌ಲೆಂಡಿನಿಂದ ಬಂದ ಪ್ರಶ್ನೆಗಳನ್ನು
ನಮ್ಮ ದಗಾರಾ ಮಾತಿಗೆ ಇಳಿಸುವುದು,
ನಾಂದೊಮ್‌ನ ಮೂರು ಶಾಲೆಗಳಲ್ಲಿ ಮಕ್ಕಳನ್ನು ಕೂರಿಸಿ
ಒಂದರಿಂದ ಐದರೊಳಗೆ ಗುರುತು ಹಾಕುವುದು.
ಹಾಳೆಗೆ ಇಷ್ಟು ಸೆಡಿ. ಊಟ ನನ್ನದೇ.

ಮೊದಲೆರಡು ಪ್ರಶ್ನೆ ನೀರು ಕುಡಿದಷ್ಟು ಸುಲಭ.
ಮೂರನೆಯದು:
ಮಗು ಶ್ರುತಿಗೆ ಸರಿಯಾಗಿ ಹಾಡುತ್ತದೆಯೇ?
ಬೇವಿನ ನೆರಳಲ್ಲಿ ಪದ ಹುಡುಕುತ್ತ
ಒಂದಿಡೀ ಮಧ್ಯಾಹ್ನ ಕಳೆದೆ.
ಅಮ್ಮನನ್ನು ಕೇಳಿದರೆ, ಶಿಯಾ ಬೆಣ್ಣೆ ನಾದುತ್ತಿದ್ದವಳು
ತಲೆ ಎತ್ತದೆ, "ಯಾರದಕ್ಕೆ ಸರಿಯಾಗಿ?" ಎಂದಳು.
ಕೊನೆಗೆ ಬರೆದೆ:
ಮಗು ಹಾಡಿನ ಜೊತೆ ನಡೆಯುತ್ತದೆಯೇ?

ನಿಯಮದಂತೆ ಇನ್ನೊಬ್ಬರು ಅದನ್ನು ವಾಪಸು ತಿರುಗಿಸಬೇಕು.
ತಮಾಲೆಯಲ್ಲಿ ತಿರುಗಿಸಿದರು.
ಯೂವಾಸ್ಕುಲಾ ಮುಟ್ಟುವಷ್ಟರಲ್ಲಿ ಅದು
ಮಗುವಿಗೆ ಹಾಡುತ್ತ ನಡೆಯಲು ಬರುತ್ತದೆಯೇ?
ಹೋದ ಪುಟ್ಟ ಬಂದ ಪುಟ್ಟ ಅನ್ನೋಣವೆಂದರೆ
ಹೋದವನೊಬ್ಬ, ಬಂದವನೊಬ್ಬ.
ಬ್ರೆಜಿಲಿನ ಜುರೆಮಾ ಪರದೆಯ ತನ್ನ ಚೌಕದೊಳಗೆ
ಬಿದ್ದು ಬಿದ್ದು ನಕ್ಕಳು:
ರೆಸಿಫೆಯಲ್ಲಿ ನಿಂತಲ್ಲೇ ನಿಂತು ಹಾಡುವ ಮಗುವಿದ್ದರೆ
ಡಾಕ್ಟರಿಗೆ ತೋರಿಸುತ್ತಾರೆ!
ಹಿಲ್ಕಾ ನಗಲಿಲ್ಲ. ಬರೆದುಕೊಂಡಳು.

ಆಮೇಲೆ ಧ್ವನಿಮುದ್ರಣದ ಜಗಳ.
ಅಯುವೊ, ಬಯೋರ್ ಮೇಷ್ಟ್ರ ಮೊಮ್ಮಗಳು, ಒಂಬತ್ತು ವರ್ಷ;
ಹದಿನಾಲ್ಕು ಪಟ್ಟಿಯ ಗೀಲು ಅವಳಿಗಿಂತ ಉದ್ದ.
ಎರಡು ತುದಿಯೂ ಎಟುಕಲೆಂದು
ಕೂತಲ್ಲೇ ಜಾರುತ್ತಾಳೆ ಆಚೆಗೆ, ಈಚೆಗೆ.
ಪಟ್ಟಿಯ ಕೆಳಗೆ ಸೋರೆಬುರುಡೆ, ಬುರುಡೆಯಲ್ಲಿ ತೂತು,
ತೂತಿಗೆ ಜೇಡನ ಮೊಟ್ಟೆಗೂಡಿನ ಬಿಳಿ ಪೊರೆ.
ಮರ ಬಡಿದರೆ ಪೊರೆ ಗುಂಯ್ ಎನ್ನುತ್ತದೆ,
ಮಾತಿನ ಹಿಂದೆ ಉಸಿರು ಇರುವ ಹಾಗೆ.

ಆ ಗುಂಯ್ ಅನ್ನು ಹಿಲ್ಕಾಳ ಯಂತ್ರ ಗದ್ದಲವೆಂದು ತಿಳಿಯಿತು.
ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಬಿಸಾಡಿತು.
ಶುದ್ಧವಾದ ಕಡತ ಫೋನಿಗೆ ಬಂತು.
ಮೇಷ್ಟ್ರು ಒಂದು ಕಿವಿಗೆ ಹಿಡಿದರು, ಇನ್ನೊಂದಕ್ಕೆ ಹಿಡಿದರು,
ಫೋನನ್ನೇ ಅಲುಗಿಸಿ ನೋಡಿದರು.
"ಯಾರ ಗೀಲು ಇದು? ಪಾಪ, ಗಂಟಲು ಕಟ್ಟಿದೆ."

ಇದೊಂದನ್ನು ನಾನು ಅನುವಾದಿಸಲಿಲ್ಲ.
ಅವರ ದನಿಯಲ್ಲೇ ಕಳಿಸಿದೆ.
ಬಹಳ ದಿನ ಉತ್ತರವಿಲ್ಲ.

ಧೂಳುಗಾಳಿಯ ಜನವರಿಯಲ್ಲಿ ಅವಳೇ ಬಂದಳು,
ಒಡೆದ ತುಟಿ, ಚೀಲದ ತುಂಬ ತಂತಿ.
ಯಾರೂ ಬಯ್ಯಲಿಲ್ಲ. ಅಯುವೊ ಕೈ ಹಿಡಿದು
ಹಳೆಯ ಕಣಜದ ಮಣ್ಣುಗೋಡೆಗೆ ಒಯ್ದಳು.
ಮರಿಗಳು ಬಿಟ್ಟುಹೋದ ಗೂಡೇ ಆಗಬೇಕು, ಬಿಲ್ಲೆಯಂಥದು;
ಉಗುರಲ್ಲಿ ಅಂಚು ಎಬ್ಬಿಸಬೇಕು, ಉಸಿರು ಬಿಗಿಹಿಡಿದು.
ಹಿಲ್ಕಾ ಏಳೋ ಎಂಟೋ ಹರಿದಳು.
ಆಮೇಲೊಂದು ಇಡಿಯಾಗಿ ಬಂತು.
ಐವತ್ತು ದಾಟಿದ ಪ್ರೊಫೆಸರು ಅದನ್ನು ಅಂಗೈಯಲ್ಲಿಟ್ಟು
ಗಾಳಿಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿ ಅಂಗಳ ದಾಟಿದ್ದನ್ನು
ಅಮ್ಮ ಇವತ್ತಿಗೂ ನಡೆದು ತೋರಿಸುತ್ತಾಳೆ.

ಪ್ರಬಂಧಕ್ಕೆ ಹನ್ನೊಂದು ಹೆಸರು.
ಮೇಷ್ಟ್ರದು ನಾಲ್ಕನೆಯದು; ಅದಕ್ಕಾಗಿ
ಎರಡು ತಿಂಗಳು ಪತ್ರಗಳು ಓಡಾಡಿದವು.
ನನ್ನದು ಕಡೆಯ ಪುಟದ ಕೃತಜ್ಞತೆಯಲ್ಲಿ, ಒಂದಕ್ಷರ ತಪ್ಪಿ.
"ಜೇಡಂದೆಲ್ಲಿ?" ಅಂದಳು ಅಯುವೊ.
ಪುಟ ತಿರುವಿ ತಿರುವಿ ಹುಡುಕಿದಳು, ನಿಜವಾಗಿಯೂ.

ಮೂರನೆಯ ಪ್ರಶ್ನೆ ಹೊಸ ಹಾಳೆಯಲ್ಲೂ ಇದೆ,
ಹಣ ಕೊಡುವವರಿಗೆ ಬೇಕಂತೆ. ಒಂದರಿಂದ ಐದು.
ಪಕ್ಕದಲ್ಲಿ ಹಿಲ್ಕಾ ಒಂದು ಖಾಲಿ ಗೆರೆ ಹಾಕಿಸಿದ್ದಾಳೆ,
ಬೆರಳುದ್ದ.

ನಿನ್ನೆ ಒಬ್ಬಳು ಹಾಡಿದಳು, ಎಲ್ಲೋ ಏರಿ ಎಲ್ಲೋ ಇಳಿದು.
ಅಂಕಿಗೆ ಗುರುತು ಹಾಕುವುದು ಮರೆತೆ.
ಗೆರೆಯ ಮೇಲೆ, ಗೆರೆ ಸಾಲದೆ ಅಂಚಿನಲ್ಲೂ, ಬರೆದೆ:
ಬೆನ್ನಿಗೆ ತಮ್ಮನನ್ನು ಕಟ್ಟಿಕೊಂಡಿದ್ದಳು.
ಹಾಡು ಮುಗಿಯುವ ಮೊದಲೇ ಅವನಿಗೆ ನಿದ್ದೆ.