ಷರಾ

ಬೆಳಿಗ್ಗೆ ಕುರೊಸಾಕಿ ಬಂದರಿನಲ್ಲಿ
ಟೋಗೋ ಬಾವುಟದ ಗುಜರಿ ಹಡಗು.
ತಪಾಸಣೆಗಾರ ಕುರಾಮೊಚಿ ಟಾರ್ಚು ಹಿಡಿದು ಮುಂದೆ;
ಅವನ ತಪಾಸಣೆಯನ್ನೇ ತಪಾಸಣೆ ಮಾಡಲು
ಟೋಕಿಯೋದಿಂದ ಬಂದ ನಾನು ಹಿಂದೆ.
ಜೀವದೋಣಿಯ ಹಗ್ಗ ಮುಟ್ಟಿದರೆ ಪುಡಿ.
ಬೆಂಕಿ ಆರಿಸುವ ಸಿಲಿಂಡರು ಎತ್ತಿದ. ಹಗುರ.
ಹದಿಮೂರು ಜನಕ್ಕೆ
ಬರೀ ಕೆಂಪು ಬಣ್ಣದ ಕಾವಲು.
ಬರ್ಮಾದ ಅಡುಗೆಯವ ಚಹಾ ಕೊಟ್ಟು ಕೇಳಿದ:
ಗುಡ್ಡದ ಮೇಲಿರುವುದು ಆಸ್ಪತ್ರೆಯೇ?

ಅಲ್ಲ, ಶಾಲೆ. ಮುಚ್ಚಿ ಒಂಬತ್ತು ವರ್ಷ.
ಮಧ್ಯಾಹ್ನ ನನ್ನ ಪಟ್ಟಿಯಲ್ಲಿದ್ದದ್ದು ಅದೇ.
ಪುರಸಭೆಯ ಹೆಂಗಸು ಹತ್ತು ಬೀಗದಕೈ ತಂದಿದ್ದಳು,
ಬೇಕಾದದ್ದು ಹನ್ನೊಂದನೆಯದು;
ಅಡುಗೆಕೋಣೆಯ ಕಿಟಕಿಯಿಂದ ಒಳಗಿಳಿದೆವು.
ಬೂಟುಗಳ ಗೂಡಿನಲ್ಲಿ ಉಳಿದದ್ದು ಒಂದೇ ಹೆಸರುಚೀಟಿ, ನಾತ್ಸುಹೊ,
ಒಳಗೊಂದು ಸತ್ತ ಜೀರುಂಡೆ.
ಓಣಿಯುದ್ದಕ್ಕೂ ಸಿಲಿಂಡರುಗಳು,
ಎಲ್ಲಕ್ಕೂ ಈ ಏಪ್ರಿಲ್ಲಿನ ಮುದ್ರೆ.
ಒಂದನ್ನು ಎತ್ತಿ ಅಲುಗಿಸಿದೆ:
ತುಂಬಿದ ಕೊಡ, ತುಳುಕಲಿಲ್ಲ.

ರಾತ್ರಿ ವರದಿ.
ಹಡಗು: ಲೋಪ ಆರು, ಮುಂದಿನ ಬಂದರಿನಲ್ಲಿ ಸರಿಪಡಿಸತಕ್ಕದ್ದು.
ಶಾಲೆ: ಲೋಪವಿಲ್ಲ.
ಬೇರೆ ಇಲಾಖೆ, ಬೇರೆ ಕಡತ,
ಒಂದೇ ಪಿನ್ನು ಚುಚ್ಚುವಂತಿಲ್ಲ.
ಷರಾ ಕಾಲಮ್ಮಿನಲ್ಲಿ
‘ಗುಡ್ಡದಿಂದ ಬಂದರಿಗೆ ಇಳಿಜಾರು,
ಭಾರ ಹೊತ್ತು ನಡೆದರೂ ಹನ್ನೆರಡು ನಿಮಿಷ’
ಎಂದು ಬರೆದೆ.
ಹೊಡೆದುಹಾಕಿದೆ.